ವಂಕಿಯ ನೋವು ಯಾರ ಲೆಕ್ಕಕ್ಕೆ?

ಆರೋಗ್ಯ ಇಲಾಖೆಯ ಭಾಷೆಯಲ್ಲಿ ಕಾಪರ್-ಟಿಗೆ ‘ವಂಕಿ’ ಎಂದು ಹೆಸರು. ತೋಳಿಗೆ ತೊಡುವ ಒಡವೆಯ ಹೆಸರೂ ಅದೇ. ಮದುವೆಯ ಮಾತುಕತೆಯಲ್ಲಿ ಚಿನ್ನದ ವಂಕಿ ಎಷ್ಟು ತೂಕದ್ದು ಎಂದು ಗಂಡಿನ ಕಡೆಯವರು ಲೆಕ್ಕ ಹಾಕುತ್ತಾರೆ. ಹೆರಿಗೆಯಾದ ಮೇಲೆ ಎಷ್ಟು ಹೆಂಗಸರಿಗೆ ತಾಮ್ರದ ವಂಕಿ ಹಾಕಿದೆವು ಎಂದು ಇಲಾಖೆ ಲೆಕ್ಕ ಹಾಕುತ್ತದೆ. ಅದನ್ನು ಒಳಗಿಟ್ಟುಕೊಂಡು, ಕಿಬ್ಬೊಟ್ಟೆ ಹಿಂಡಿದಂತಾಗಿ ಚಾಪೆಯ ಮೇಲೆ ಮುದುಡಿ ಮಲಗಿದವಳ ನೋವನ್ನು ಯಾವ ಲೆಕ್ಕಕ್ಕೆ ಬರೆಯಬೇಕು?

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ಜಗಳ ತಾಮ್ರದ ತಂತಿಯೊಂದಿಗಲ್ಲ. ವಂಕಿ ಎದೆಗೆ ಏರುತ್ತದೆ, ಕ್ಯಾನ್ಸರ್ ತರುತ್ತದೆ ಎನ್ನುವುದೆಲ್ಲ ಸುಳ್ಳು. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ 380-ಎ ಹತ್ತು ವರ್ಷ, 375 ಐದು ವರ್ಷ ಕೆಲಸ ಮಾಡುತ್ತವೆ. ಹಾಲೂಡಿಸುವವರೂ ಹಾಕಿಸಿಕೊಳ್ಳಬಹುದು, ತೆಗೆಸಿದರೆ ಮತ್ತೆ ಬಸಿರಾಗಬಹುದು. ಗಂಡ ನಿರೋಧ್ ಮುಟ್ಟುವುದಿಲ್ಲ, ಮಾತ್ರೆ ಕಂಡರೆ ಕಿತ್ತೆಸೆಯುತ್ತಾನೆ ಎನ್ನುವ ಮನೆಗಳಲ್ಲಿ ಹೆಣ್ಣಿಗೆ ಉಳಿದಿರುವ ಗುಟ್ಟಿನ ರಕ್ಷಣೆಯೂ ಅದೇ. ಆದ್ದರಿಂದಲೇ ಅದರ ನೋವಿನ ಬಗ್ಗೆ ಮುಚ್ಚುಮರೆ ಮಾಡುವವರ ಮೇಲೆ ನಮಗೆ ಇಷ್ಟು ಸಿಟ್ಟು.

ನೋವು ಏಕೆ ಬರುತ್ತದೆ? ಹೊರಗಿನ ವಸ್ತು ಒಳಗೆ ಬಂದಾಗ ಗರ್ಭಕೋಶ ಅದನ್ನು ಹೊರದಬ್ಬಲು ಕುಗ್ಗಿ ಹಿಗ್ಗುತ್ತದೆ. ಜೊತೆಗೆ ತಾಮ್ರ ವೀರ್ಯಾಣುಗಳನ್ನು ಕೊಲ್ಲುವುದರೊಂದಿಗೆ ಗರ್ಭಕೋಶದ ಒಳಪದರದಲ್ಲಿ ಸ್ವಲ್ಪ ಉರಿಯೂತವನ್ನೂ ಉಂಟುಮಾಡುತ್ತದೆ. ಹೀಗಾಗಿ ಮೊದಲ ಕೆಲವು ದಿನ ಸೆಳೆತ, ಸೊಂಟನೋವು, ಅಲ್ಪಸ್ವಲ್ಪ ರಕ್ತ ಕಾಣಿಸುತ್ತದೆ. ಮೂರರಿಂದ ಆರು ತಿಂಗಳವರೆಗೆ ಮುಟ್ಟಿನ ರಕ್ತಸ್ರಾವ, ನೋವು ಹೆಚ್ಚಾಗಬಹುದು. ಬಹಳಷ್ಟು ಜನರಿಗೆ ಆಮೇಲೆ ಇಳಿಯುತ್ತದೆ. ಐಬುಪ್ರೊಫೇನ್ ಅಥವಾ ಮೆಫೆನಾಮಿಕ್ ಆಸಿಡ್‌ನಂಥ ಸಾಧಾರಣ ಮಾತ್ರೆಯಿಂದಲೇ ಹೆಚ್ಚಿನವರಿಗೆ ಆರಾಮವಾಗುತ್ತದೆ. ಇಷ್ಟು ಹೇಳಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಎಷ್ಟು ಹೆಂಗಸರಿಗೆ ಸಿಕ್ಕಿದೆ? “ಎಲ್ಲರಿಗೂ ಆಗೋದೇ, ಸ್ವಲ್ಪ ತಡ್ಕೋಬೇಕಮ್ಮ” ಎಂಬ ಒಂದೇ ಮಾತ್ರೆಯನ್ನು ಎಲ್ಲರಿಗೂ ನುಂಗಿಸಿ ಕಳಿಸಲಾಗುತ್ತದೆ. ದೇಶದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿದೆ. ಇಂಥವಳಿಗೆ ಪ್ರತಿ ತಿಂಗಳೂ ಹೆಚ್ಚು ರಕ್ತ ಹೋದರೆ ‘ತಡ್ಕೋ’ ಎನ್ನುವುದು ಸಾಂತ್ವನವಲ್ಲ, ಹೊಣೆಗೇಡಿತನ.

ಇನ್ನು ಒಪ್ಪಿಗೆಯ ವಿಷಯ. ಹೆರಿಗೆಯಾದ 48 ಗಂಟೆಯೊಳಗೆ ವಂಕಿ ಹಾಕುವ ಪದ್ಧತಿ ಈಗ ವ್ಯಾಪಕವಾಗಿದೆ. ಬಸುರಿನ ತಪಾಸಣೆಗೆ ಬಂದಾಗಲೇ ವಿವರಿಸಿ ಕೇಳಬೇಕು ಎಂಬುದು ನಿಯಮ. ಆದರೆ ಹೆರಿಗೆ ನೋವು ಕಿತ್ತು ತಿನ್ನುತ್ತಿರುವಾಗ, “ಹಾಕ್ಬಿಡ್ಲಾ?” ಎಂದರೆ ಯಾರು ತಾನೆ ಬೇಡ ಎಂದಾರು? ಅವಳ ಆ ನರಳಾಟ ಒಪ್ಪಿಗೆಯೇ? ಮನೆಗೆ ಬಂದು ಎಷ್ಟೋ ದಿನಗಳ ಮೇಲೆ ತನ್ನೊಳಗೆ ಏನೋ ಇದೆ ಎಂದು ತಿಳಿದವರು ನಮ್ಮ ಬಳಿ ಬಂದು ಅತ್ತಿದ್ದಾರೆ. 2014ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯಲ್ಲಿ, ಹೆರಿಗೆಯಾದವಳಿಗೆ ವಂಕಿ ಹಾಕಿದ ವೈದ್ಯರಿಗೋ ನರ್ಸಿಗೋ 150 ರೂಪಾಯಿ, ಕರೆತಂದ ಆಶಾಳಿಗೆ 150 ರೂಪಾಯಿ. ಆಶಾ ನಮ್ಮವಳೇ, ಅವಳ ಬಡತನವೂ ನಮ್ಮದೇ, ಅವಳನ್ನು ದೂರುತ್ತಿಲ್ಲ. ಹಾಕುವ ಕೈಗೆ ಹಣ ಕೊಟ್ಟು, ಆಮೇಲೆ ಹೇಗಿದ್ದಾಳೆ ಎಂದು ಕೇಳುವುದನ್ನು ಅವರವರ ದಯೆಗೆ ಬಿಟ್ಟ ವ್ಯವಸ್ಥೆಯನ್ನು ದೂರುತ್ತಿದ್ದೇವೆ.

ಇದು ಹೊಸ ಕಥೆಯೂ ಅಲ್ಲ. 1965ರಲ್ಲಿ ಲಿಪ್ಪಿಸ್ ಲೂಪ್ ಅನ್ನು ದೇಶದಾದ್ಯಂತ ಹಾಕಲು ಹೊರಟಾಗಲೂ ಗುರಿ ಮುಟ್ಟುವ ಅವಸರವೇ ಇತ್ತು. ರಕ್ತ ಹೋಗುತ್ತಿದೆ, ನೋವಾಗುತ್ತಿದೆ ಎಂದು ಬಂದವರನ್ನು ನೋಡಿಕೊಳ್ಳುವ ಏರ್ಪಾಟು ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಹೆಂಗಸರು ಲೂಪ್ ಎಂದರೆ ಓಡಿಹೋಗುವಂತಾಯಿತು. 1996ರಲ್ಲಿ ಸರ್ಕಾರ ಗುರಿಗಳನ್ನು ಕೈಬಿಟ್ಟೆವು ಎಂದು ಘೋಷಿಸಿತು. 2016ರಲ್ಲಿ ಸುಪ್ರೀಂ ಕೋರ್ಟು ದೇವಿಕಾ ಬಿಸ್ವಾಸ್ ಅವರ ಮೊಕದ್ದಮೆಯಲ್ಲಿ ಸಂತಾನಹರಣ ಶಿಬಿರಗಳ ಬಗ್ಗೆ ತೀರ್ಪು ಕೊಡುತ್ತ ಅನೌಪಚಾರಿಕ ಗುರಿಗಳ ವಿರುದ್ಧ ಮತ್ತೆ ಮಾತನಾಡಬೇಕಾಯಿತು. ಕಾಗದದ ಮೇಲೆ ಸತ್ತ ಗುರಿ ವಾರ್ಡಿನಲ್ಲಿ ಬದುಕಿರುವುದು ಹೀಗೆ.

ಆಸ್ಪತ್ರೆಯಿಂದ ಹೊರಬಿದ್ದವಳು ಹೋಗುವುದು ಮನೆಗೆ ತಾನೆ? ಅಲ್ಲಿ ಏನಾಗುತ್ತದೆ ಎಂಬುದನ್ನು ಆರೋಗ್ಯ ಇಲಾಖೆಯ ಯಾವ ಕರಪತ್ರವೂ ಬರೆಯುವುದಿಲ್ಲ. ಹೊಟ್ಟೆ ನೋವೆಂದು ಮಲಗಿದರೆ, “ಕೆಲಸ ತಪ್ಪಿಸ್ಕೊಳ್ಳೋಕೆ ನಾಟಕ” ಎನ್ನುತ್ತಾಳೆ ಅತ್ತೆ. ತಿಂಗಳಿಗೆ ಹತ್ತು ದಿನ ರಕ್ತ ಹೋದರೆ ‘ಹೊರಗಾಗಿದ್ದಾಳೆ’ ಎಂದು ಮೂಲೆಗೆ ಕೂರಿಸುವ ಮನೆಗಳು ಇನ್ನೂ ಇವೆ. ರಾತ್ರಿ ಗಂಡನಿಗೆ ಬೇಡವೆಂದರೆ ಏಟು. ವಂಕಿಯ ದಾರ ಚುಚ್ಚಿತೆಂದರೆ ಅದಕ್ಕೂ ಏಟು. ದಾರವನ್ನು ಗಿಡ್ಡವಾಗಿ ಕತ್ತರಿಸಿದರೆ ಆ ಕಿರಿಕಿರಿ ತಪ್ಪುತ್ತದೆ, ಆದರೆ ಅವಳಿಗೆ ಅದನ್ನು ಹೇಳಿದವರು ಯಾರು? “ನನ್ನ ಕೇಳ್ದೆ ಹಾಕಿಸ್ಕೊಂಡ್ಯಾ? ಯಾರ ಜೊತೆ ತಿರುಗೋಕೆ?” ಎಂಬ ಪ್ರಶ್ನೆಗಂತೂ ಉತ್ತರವೇ ಇಲ್ಲ, ಪೆಟ್ಟು ಮಾತ್ರ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಅನುಭವಿಸಿದ್ದಾರೆಂದು ಅದೇ ಸಮೀಕ್ಷೆ ಹೇಳಿತು. ಈ ಮನೆಗಳಿಗೇ ನಾವು ಹೆಣ್ಣನ್ನು ಕಳಿಸಿ ‘ತಡ್ಕೋ’ ಎನ್ನುತ್ತಿರುವುದು. ಹದಿನೆಂಟು ದಾಟಿದ ಹೆಂಡತಿಯ ಮೇಲಿನ ಬಲಾತ್ಕಾರವನ್ನು 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅತ್ಯಾಚಾರವೆಂದು ಕರೆಯಲಿಲ್ಲ. ನೋವಿನಲ್ಲಿರುವ ಹೆಂಡತಿಗೆ ‘ಇವತ್ತು ಬೇಡ’ ಎನ್ನುವ ಹಕ್ಕನ್ನು ಕೊಡಲು ಹೊಸ ಕಾನೂನಿಗೂ ಮನಸ್ಸಾಗಲಿಲ್ಲ!

ಅಷ್ಟಕ್ಕೂ ಈ ಭಾರವೆಲ್ಲ ಅವಳ ಹೊಟ್ಟೆಯ ಮೇಲೇ ಏಕೆ? ಗಂಡಸರ ಆಪರೇಷನ್ ಹೆಂಗಸರದ್ದಕ್ಕಿಂತ ಸುಲಭ, ಹೊಟ್ಟೆ ಕೊಯ್ಯಬೇಕಿಲ್ಲ. ಆದರೂ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹೆಂಗಸರ ಆಪರೇಷನ್ ನೂರಕ್ಕೆ 38ರಷ್ಟು, ಗಂಡಸರದ್ದು ನೂರಕ್ಕೆ ಅರ್ಧ ಕೂಡ ಇಲ್ಲ, 0.3. ‘ಅವರಿಗೆ ದುಡಿಯೋಕೆ ಶಕ್ತಿ ಬೇಕಲ್ಲ’ ಎನ್ನುತ್ತಾರೆ. ನೀರು ಹೊತ್ತು, ಕಳೆ ಕಿತ್ತು, ಮಗುವಿಗೆ ಹಾಲೂಡಿಸುವುದಕ್ಕೆ ಶಕ್ತಿ ಬೇಡವೇ?

ನೋವನ್ನು ಹಗುರವಾಗಿ ಕಾಣುವುದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಹೆಂಗಸರೂ ವರ್ಷಗಟ್ಟಲೆ ಕೂಗಿದ ಮೇಲೆ, 2024ರಲ್ಲಿ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಒಂದು ಮಾತು ಸೇರಿಸಿತು: ವಂಕಿ ಹಾಕುವ ಮುಂಚೆ ನೋವಿನ ಬಗ್ಗೆ ಮಾತನಾಡಬೇಕು, ಮರಗಟ್ಟಿಸುವ ಲಿಡೊಕೇನ್ ಔಷಧಿ ನೋವು ಕಡಿಮೆ ಮಾಡಲು ನೆರವಾಗಬಹುದು ಎಂದು. ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಮಾತು ಯಾವಾಗ ಕೇಳಿಸುತ್ತದೆ?

ಗೆಳತಿಯರೇ, ಈ ಪುಟವನ್ನು ಓದಲು ಬಾರದವರಿಗೆ ಓದಿ ಹೇಳಿ. ಸೆಳೆತ ದಿನೇದಿನೇ ಹೆಚ್ಚುತ್ತಿದ್ದರೆ, ಜ್ವರ ಬಂದರೆ, ವಾಸನೆಯ ಬಿಳಿಸ್ರಾವ ಹೋದರೆ, ಮುಟ್ಟು ನಿಂತರೆ, ದಾರ ಕೈಗೆ ಸಿಗದಿದ್ದರೆ ಅಥವಾ ಗಟ್ಟಿ ತುದಿ ತಗುಲಿದರೆ ತಡೆದುಕೊಳ್ಳಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ನಿಮ್ಮಷ್ಟಕ್ಕೆ ನೀವೇ ಎಳೆದು ತೆಗೆಯಬೇಡಿ, ಗಂಡನಿಗೂ ಎಳೆಯಲು ಬಿಡಬೇಡಿ. ಏನೂ ತೊಂದರೆ ಇಲ್ಲದಿದ್ದರೂ, ಬೇಡವೆನಿಸಿದ ದಿನ ತೆಗೆಸಿಕೊಳ್ಳುವುದು ನಿಮ್ಮ ಹಕ್ಕು. ಅದಕ್ಕೆ ಗಂಡನ ಸಹಿ ಬೇಕೆಂಬ ಕಾನೂನಿಲ್ಲ. “ಇನ್ನೊಂದು ಆರು ತಿಂಗಳು ನೋಡಿ” ಎಂದು ವಾಪಸು ಕಳಿಸಿದರೆ, ಏಕೆ ತೆಗೆಯುವುದಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಲು ಕೇಳಿ. ಒಬ್ಬರೇ ಹೋಗಬೇಡಿ, ಸಂಘದ ನಾಲ್ಕು ಜನರನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಯಲ್ಲಿ ಇದೇ ಕಾರಣಕ್ಕೆ ಹೊಡೆತ ಬಿದ್ದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ ದಾಖಲೆ ಮಾಡಿಸಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ದೈಹಿಕ ಹಿಂಸೆಯಷ್ಟೇ ಅಲ್ಲ, ಲೈಂಗಿಕ ಹಿಂಸೆಯೂ ಸೇರಿದೆ. ತಾಲ್ಲೂಕಿನ ಸಂರಕ್ಷಣಾಧಿಕಾರಿಗೆ ದೂರು ಕೊಡುವಾಗ ಆ ಚೀಟಿ ಜೊತೆಗಿರಲಿ.