ಬೆನ್ನುಹುರಿಗೆ ಚುಕ್ಕಿಯಿಲ್ಲ

ನಾವು ವಾಸಿಸುವ ವಸತಿ ಸಂಕೀರ್ಣದ ವ್ಯಾಯಾಮಶಾಲೆಯ ಬಾಗಿಲಿಗೆ ಕಳೆದ ತಿಂಗಳು ಒಂದು ಸೂಚನಾಪತ್ರ ಬಿದ್ದಿತು. ತರಬೇತುದಾರನ ಗುತ್ತಿಗೆಯನ್ನು ಮುಂದುವರಿಸುವ ಬದಲು ಗೋಡೆಗೆ ದೊಡ್ಡ ಪರದೆಯೊಂದನ್ನೂ ಕ್ಯಾಮೆರಾವನ್ನೂ ಕೂರಿಸುವ ಪ್ರಸ್ತಾವವಿದೆ, ಕೃತಕ ಬುದ್ಧಿಮತ್ತೆಯು ಪ್ರತಿಯೊಬ್ಬರ ಭಂಗಿಯನ್ನು ನೋಡಿ ತಿದ್ದುತ್ತದೆ, ಖರ್ಚು ಉಳಿಯುತ್ತದೆ, ಆಕ್ಷೇಪವಿದ್ದವರು ಲಿಖಿತವಾಗಿ ತಿಳಿಸತಕ್ಕದ್ದು. ನಮಗೆ ಆಕ್ಷೇಪವಿದೆ. ಸಮಿತಿಗೆ ಮರಾಠಿಯಲ್ಲಿ ಬರೆಯುವ ಮುನ್ನ ನಮ್ಮ ನುಡಿಯಲ್ಲಿ ಬರೆದುಕೊಂಡರೆ ವಿಚಾರ ತಿಳಿಯಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

'ನೋಡಿ ತಿದ್ದುತ್ತದೆ' ಎಂಬ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಯಂತ್ರ ನೋಡುವುದಾದರೂ ಏನನ್ನು? ಭಂಗಿಯನ್ನು ಗುರುತಿಸುವ ತಂತ್ರಗಳಲ್ಲಿ ಹೆಸರಾದ ಗೂಗಲ್‌ನ ಬ್ಲೇಜ್‌ಪೋಸ್ ಮನುಷ್ಯದೇಹವನ್ನು 33 ಚುಕ್ಕಿಗಳಾಗಿ ಕಾಣುತ್ತದೆ. ಅವುಗಳಲ್ಲಿ 11 ಮುಖಕ್ಕೇ ಮೀಸಲು. ಉಳಿದವು ಹೆಗಲು, ಮೊಣಕೈ, ಮಣಿಕಟ್ಟು, ಬೆರಳು, ಸೊಂಟ, ಮೊಣಕಾಲು, ಪಾದಗಳಿಗೆ. ಹೆಗಲಿಗೂ ಸೊಂಟಕ್ಕೂ ನಡುವೆ ಒಂದೇ ಒಂದು ಚುಕ್ಕಿಯಿಲ್ಲ. ಅಂದರೆ ಬೆನ್ನು ಗೂನಾಗಿದೆಯೋ ನೆಟ್ಟಗಿದೆಯೋ ಎಂಬುದು ಅದಕ್ಕೆ ಕಂಡ ಸಂಗತಿಯಲ್ಲ, ಉಳಿದ ಚುಕ್ಕಿಗಳಿಂದ ಊಹಿಸಿದ ಸಂಗತಿ. ಉಸಿರು ಬಿಗಿಹಿಡಿದಿರುವುದಕ್ಕೂ ಚುಕ್ಕಿಯಿಲ್ಲ. ಮೂಗಿನ ತುದಿಯನ್ನು ಇಷ್ಟು ಜತನದಿಂದ ಕಾಯುವ ಗುರುವನ್ನು ನಾವಂತೂ ಬೇರೆಲ್ಲೂ ಕಂಡಿಲ್ಲ.

ಈ ಚರ್ಚೆ ಬೇರೆ ಊರಿನಲ್ಲಿ ನಡೆದಿದ್ದರೆ ಇಷ್ಟು ಬೇಸರವಾಗುತ್ತಿರಲಿಲ್ಲ. ಇದು ಪುಣೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ. ಕೆ. ಎಸ್. ಅಯ್ಯಂಗಾರರು 1937ರಲ್ಲಿ, ಇನ್ನೂ ಹದಿನೆಂಟರ ಹುಡುಗನಾಗಿದ್ದಾಗ, ಬಂದಿಳಿದ ಊರು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದು ಇಲ್ಲಿ ನೆಲೆಸಿದ ಡಾ. ವಿ. ಬಿ. ಗೋಖಲೆಯವರ ಆಸಕ್ತಿಯಿಂದ, ಗುರುಗಳೂ ಭಾವನವರೂ ಆದ ತಿರುಮಲೈ ಕೃಷ್ಣಮಾಚಾರ್ಯರು ಅವರನ್ನು ಡೆಕ್ಕನ್ ಜಿಮಖಾನಾಕ್ಕೆ ಆರು ತಿಂಗಳ ಮಟ್ಟಿಗೆ ಕಳುಹಿಸಿದರು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಮಲೇರಿಯಾ, ಕ್ಷಯ, ವಿಷಮಶೀತಜ್ವರಗಳನ್ನು ಉಂಡ ಕೃಶ ಶರೀರ. ಎದುರಿಗೆ ತನಗಿಂತ ಗಟ್ಟಿಮುಟ್ಟಾದ ಕಾಲೇಜು ಹುಡುಗರು. ಆರು ತಿಂಗಳಿಗೆಂದು ಬಂದವರು 2014ರಲ್ಲಿ ಕಣ್ಣುಮುಚ್ಚುವವರೆಗೆ ಇಲ್ಲೇ ಉಳಿದರು.

ಇಲ್ಲಿ ನಮ್ಮ ಪ್ರತಿಪಕ್ಷದವರಿಗೆ ಒಂದು ಒಳ್ಳೆಯ ವಾದ ಸಿಗುತ್ತದೆ, ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಅಯ್ಯಂಗಾರರೇ 1966ರಲ್ಲಿ ಸುಮಾರು 600 ಚಿತ್ರಗಳಿರುವ 'ಲೈಟ್ ಆನ್ ಯೋಗ'ವನ್ನು ಪ್ರಕಟಿಸಿ, ಗುರುವಿಲ್ಲದ ಮನೆಗಳಿಗೂ ಆಸನಗಳನ್ನು ತಲುಪಿಸಲಿಲ್ಲವೆ? ಪುಸ್ತಕವಾದರೆ ಆಗಬಹುದು, ಪರದೆಯಾದರೆ ಏಕಾಗದು? ಆಗಬಹುದು, ಪುಸ್ತಕದಷ್ಟು ಆಗಬಹುದು. ಆದರೆ ಆ ಪುಸ್ತಕ ಬರೆದವರೇ 1975ರಲ್ಲಿ ಶಿವಾಜಿನಗರದಲ್ಲಿ ಪತ್ನಿ ರಮಾಮಣಿಯವರ ಹೆಸರಿನಲ್ಲಿ ಯೋಗಸಂಸ್ಥೆಯನ್ನು ತೆರೆದು, ಗೋಡೆಗೆ ಹಗ್ಗ ಕಟ್ಟಿ, ಕುರ್ಚಿ, ಕಂಬಳಿ, ಮರದ ತುಂಡುಗಳನ್ನು ಹೊಂದಿಸಿ, ಒಬ್ಬೊಬ್ಬರ ದೇಹಕ್ಕೆ ಒಂದೊಂದು ಉಪಾಯ ಹೂಡಿದರು. ಚಿತ್ರ ಸಾಕಾಗಿದ್ದರೆ ಆ ಕಂಬಳಿಗೇನು ಕೆಲಸವಿತ್ತು? 1979ರ ಸ್ಕೂಟರ್ ಅಪಘಾತಗಳ ಬಳಿಕ ಅರವತ್ತರ ವಯಸ್ಸಿನಲ್ಲಿ ಅವರೇ ಆಸನಗಳನ್ನು ಮತ್ತೆ ಮೊದಲಿನಿಂದ ಸಾಧಿಸಬೇಕಾಯಿತು. ಬಿದ್ದ ಮೈಯ ಅರಿವು ಬೀಳಬಲ್ಲ ಮೈಯಿರುವವರಿಗೆ ಮಾತ್ರ ಬರುವಂಥದು.

ಹಾಗೆಂದು ಎಲ್ಲ ತರಬೇತುದಾರರೂ ಅಯ್ಯಂಗಾರರಲ್ಲ ಎಂಬುದನ್ನು ಬಲ್ಲೆವು. ನಾಲ್ಕು ವಾರಾಂತ್ಯಗಳಲ್ಲಿ ಪ್ರಮಾಣಪತ್ರ ಗಳಿಸಿ, ಮೊಬೈಲಿನಿಂದ ಕಣ್ಣೆತ್ತದೆ 'ಇನ್ನೂ ಹತ್ತು' ಎಂದು ಎಣಿಸುತ್ತ, ನಡುನಡುವೆ ಪ್ರೋಟೀನ್ ಪುಡಿಯ ಡಬ್ಬಿ ಮಾರುವವರನ್ನು ಈ ಊರಿನಲ್ಲಿಯೇ ಕಂಡಿದ್ದೇವೆ. ಅವರ ಕೆಲಸವನ್ನು ಯಂತ್ರ ಕಸಿದುಕೊಂಡರೆ ನಮ್ಮ ತಕರಾರಿಲ್ಲ. ಎಣಿಕೆಯನ್ನು ಅದು ಅವರಿಗಿಂತ ಚೆನ್ನಾಗಿ ಮಾಡೀತು. ನಡಿಗೆಯ ಲೆಕ್ಕವಿಡಲಿ, ಊಟದ ಲೆಕ್ಕವಿಡಲಿ. ನಾಲ್ಕು ಜನರೆದುರು ಮೈ ಬಗ್ಗಿಸಲು ಸಂಕೋಚಪಡುವ ಗೃಹಿಣಿಗೆ ಬೆಳಗಿನ ಜೊತೆಗಾರನಾಗಲಿ. ಆದರೆ ನಮ್ಮ ಸಮಿತಿ ಕಳುಹಿಸಹೊರಟಿರುವುದು ಅಂಥವನನ್ನಲ್ಲ.

ನಮ್ಮ ತರಬೇತುದಾರ ಅಕ್ಕಲಕೋಟೆ ಕಡೆಯ ಹುಡುಗ, ಮನೆಮಾತು ಕನ್ನಡ. ಮಕ್ಕಳ ಉದ್ಯೋಗದ ದೆಸೆಯಿಂದ ವಿಜಯಪುರ, ಧಾರವಾಡ, ಬೆಳಗಾವಿಗಳನ್ನು ಬಿಟ್ಟು ಇಲ್ಲಿ ಹನ್ನೊಂದನೆಯ ಅಂತಸ್ತಿನಲ್ಲಿ ಕುಳಿತಿರುವ ನಮ್ಮ ಹಿರಿಯರು ಬೆಳಿಗ್ಗೆ ಅವನ ಬಳಿ ಹೋಗುತ್ತಾರೆ. ಅವರ ನೋವಿಗೆ ಒಂದೇ ಹೆಸರಿಲ್ಲ. ಚಳಕು ಬೇರೆ, ಜೋಮು ಬೇರೆ, ಸೆಳೆತ ಬೇರೆ, ಉಳುಕು ಬೇರೆ. ಸೆಳೆತವೆಂದರೆ ಅವನು ನಿಧಾನವಾಗಿ ಮುಂದುವರಿಸುತ್ತಾನೆ. ಕಾಲಿಗೆ ಜೋಮು ಇಳಿಯುತ್ತದೆಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿಗೆ ಕಳುಹಿಸುತ್ತಾನೆ. ಯಂತ್ರವೂ ಈಗ ಕನ್ನಡ ಮಾತನಾಡುತ್ತದಲ್ಲ ಎನ್ನಬಹುದು. ನಿಜ, ಮಾತನಾಡುತ್ತದೆ. ಆದರೆ ನಮ್ಮ ಹಿರಿಯರು ಕೇಳಿದೊಡನೆ ನೋವು ಹೇಳುವ ಪೈಕಿಯಲ್ಲ. 'ಏನಿಲ್ಲಪಾ, ಆರಾಮ ಅದೀನಿ' ಎಂಬುದೇ ಅವರ ಉತ್ತರ. ಯಂತ್ರ ಆ ಉತ್ತರವನ್ನು ನಂಬಿ ಮುಂದಿನ ವ್ಯಾಯಾಮಕ್ಕೆ ಹೋಗುತ್ತದೆ. ಹುಡುಗ ನಂಬುವುದಿಲ್ಲ, ಏಕೆಂದರೆ ಮೆಟ್ಟಿಲು ಇಳಿಯುವಾಗ ಅಜ್ಜಿ ಕಟಾಂಜನವನ್ನು ಎರಡೂ ಕೈಯಿಂದ ಹಿಡಿದದ್ದನ್ನು ಅವನು ದೂರದಿಂದಲೇ ನೋಡಿರುತ್ತಾನೆ. 'ಇವತ್ತು ಬ್ಯಾಡ ಅಜ್ಜಿ, ಕೂಡ್ರಿ' ಎನ್ನುತ್ತಾನೆ. ಆ ದಿನ ವ್ಯಾಯಾಮದ ಅಂಕಿ ಸೊನ್ನೆ.

ಇನ್ನೊಂದು ಪ್ರಶ್ನೆಗೆ ಸೂಚನಾಪತ್ರದಲ್ಲಿ ಉತ್ತರವೇ ಇಲ್ಲ: ಯಂತ್ರದ ಮಾತು ಕೇಳಿ ಒಬ್ಬರ ಬೆನ್ನು ಹಿಡಿದರೆ ಹೊಣೆ ಯಾರದು? ಹುಡುಗನನ್ನಾದರೆ ನಿಲ್ಲಿಸಿ ಕೇಳುತ್ತೇವೆ. ತಪ್ಪು ಅವನದಾದರೆ ಅವನಿಗೆ ರಾತ್ರಿ ನಿದ್ರೆ ಬರುವುದಿಲ್ಲ. ಪರದೆಯ ಕಂಪನಿಯಾದರೋ ಬಳಸುವ ಮುನ್ನವೇ ನಮ್ಮಿಂದ 'ಒಪ್ಪಿದ್ದೇನೆ' ಎಂಬ ಗುಂಡಿ ಒತ್ತಿಸಿಕೊಂಡಿರುತ್ತದೆ.

ಸಭೆ ಬರುವ ಭಾನುವಾರ. ಪರದೆ ಬೇಕಾದರೆ ಬರಲಿ, ಹುಡುಗ ಹೋಗಕೂಡದು, ಪರದೆಯ ಮುಂದೆಯೂ ಅವನೇ ನಿಲ್ಲಬೇಕು ಎಂಬ ಪತ್ರ ಮರಾಠಿಯಲ್ಲಿ ಸಿದ್ಧವಾಗಿದೆ. ಜೋಮಿಗೆ 'ಮುಂಗ್ಯಾ' ಎಂದು ಬರೆದೆವು, ಅದು ಸುಲಭವಾಗಿ ಸಿಕ್ಕಿತು. ಚಳಕಿಗೆ 'ಚಮಕ' ಎಂದು ಬರೆದದ್ದನ್ನು ಕೆಳಮನೆಯ ಮರಾಠಿ ಅಜ್ಜಿಯೊಬ್ಬರು ಓದಿ, ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಯೋಚಿಸಿ, 'ಸಣಕ' ಎಂದು ತಿದ್ದಿ, ತಾವೂ ಸಹಿ ಹಾಕಿದರು.