ಸೊಸೈಟಿಯ ಪಟ್ಟಿಯಲ್ಲಿ ನಮ್ಮ ಹುಡುಗರ ಹೆಸರಿಲ್ಲ



ಪುಣೆಯ ಹಳಬರು ನೆರೆ ಎಂದರೆ 1961ರ ಜುಲೈ 12ರಂದು ಪಾನಶೆತ್ ಅಣೆಕಟ್ಟು ಒಡೆದದ್ದನ್ನೇ ಹೇಳುತ್ತಾರೆ. ನಾವು ಕಂಡದ್ದು 2024ರ ಜುಲೈ 25. ಖಡಕವಾಸ್ಲಾದಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ಮುಠಾ ನದಿಗೆ ಬಿಟ್ಟರು. ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೇ ನೀರು ನುಗ್ಗಿತು. ಅದೇ ನಸುಕಿನಲ್ಲಿ ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ಮೊಟ್ಟೆ ಬುರ್ಜಿ ಗಾಡಿಯನ್ನು ಸರಿಸಲು ಹೋದ ಮೂವರು ಕರೆಂಟ್ ಹೊಡೆದು ಸತ್ತರು. ಅವರೂ ನಮ್ಮ ಧಂದೆಯವರೇ ಅಲ್ಲವೇ?

ಆಮೇಲೆ ನಮ್ಮ ಪಕ್ಕದ ಸೊಸೈಟಿಯವರು ಒಂದು ಒಳ್ಳೆಯ ಕೆಲಸ ಮಾಡಿದರು. ಯಾವ ಮನೆಯಲ್ಲಿ ವಯಸ್ಸಾದವರಿದ್ದಾರೆ, ಲಿಫ್ಟ್ ಮತ್ತು ಮೇನ್ ಸ್ವಿಚ್ ಬಂದ್ ಮಾಡುವವರು ಯಾರು, ರಾತ್ರಿ ಬಾಗಿಲು ಬಡಿಯುವವರು ಯಾರು, ಎಲ್ಲ ಬರೆದಿಟ್ಟರು. ಊಟದ ವ್ಯವಸ್ಥೆಗೆ ನನ್ನ ಹೆಸರು. ಸಂತೋಷದಿಂದಲೇ ಒಪ್ಪಿದೆ. ಕರೆಂಟ್ ಹೋದರೆ ಗ್ರೈಂಡರ್ ಇಲ್ಲ, ಇಡ್ಲಿ ದೋಸೆಯ ಆಸೆ ಬಿಡಿ. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ ಸಾಕು. ಸಾಂಬಾರ್ ಪಾರ್ಸೆಲ್ ಮಾತ್ರ ಬೇಡವೇ ಬೇಡ, ಮೆಟ್ಟಿಲು ಹತ್ತುವಷ್ಟರಲ್ಲಿ ಅರ್ಧ ಚೆಲ್ಲಿರುತ್ತದೆ.

ಆದರೆ ಆ ಪಟ್ಟಿಯಲ್ಲಿ ಫ್ಲಾಟ್ ನಂಬರ್ ಇದ್ದವರು ಮಾತ್ರ ಇದ್ದರು. ನನ್ನ ಏಳು ಹುಡುಗರು ಮಲಗುತ್ತಿದ್ದದ್ದು ಬೇಸ್‌ಮೆಂಟಿನ ಗೋದಾಮಿನಲ್ಲಿ, ಅಕ್ಕಿ ಮೂಟೆಗಳ ಪಕ್ಕದಲ್ಲಿ. ಹೊರಗೆ ಶಟರ್ ಎಳೆದಿರುತ್ತದೆ. ಒಳಗೆ ಜನ ಇದ್ದಾರೆಂದು ದಾರಿಯಲ್ಲಿ ಹೋಗುವವನಿಗೆ ಹೇಗೆ ತಿಳಿಯಬೇಕು? ನದಿ, ಓಢಾದ ಬದಿಯಲ್ಲಿರುವ ನಮ್ಮವರ ಎಷ್ಟೋ ಹೋಟೆಲುಗಳ ಕಥೆ ಇದೇ. ಊರಿನಿಂದ ತಂದೆ ತಾಯಿ ನಮ್ಮನ್ನು ನಂಬಿ ಕಳಿಸಿದ ಮಕ್ಕಳು. 2019ರ ಸೆಪ್ಟೆಂಬರ್ 25ರಂದು ಆಂಬಿಲ್ ಓಢಾ ಉಕ್ಕಿದ್ದೂ ರಾತ್ರಿಯೇ.

ನೆರೆ ಇಳಿದ ಮೇಲೆ ಪ್ಯಾಕೆಟ್ ಹಂಚಿ ಫೋಟೋ ತೆಗೆಸಿಕೊಳ್ಳುವುದರಲ್ಲಿ ನಾವು ಮುಂದು. ನಾನೂ ತೆಗೆಸಿಕೊಂಡಿದ್ದೇನೆ. ಜೂನ್‌ಗೆ ಮೊದಲೇ ಪಕ್ಕದ ಸೊಸೈಟಿಗೆ ಹೋಗಿ ಹುಡುಗರ ಹೆಸರು, ಅವರ ಮೊಬೈಲ್ ನಂಬರ್, ಶಟರ್ ಕೀ ಯಾರ ಬಳಿ ಇದೆ ಎಂಬುದನ್ನು ಕೊಟ್ಟು ಬರೋಣ. ಮೇನ್ ಸ್ವಿಚ್ ಎಲ್ಲಿದೆ ಎಂದು ಒಬ್ಬ ಹುಡುಗನಿಗಾದರೂ ತೋರಿಸಿಡಿ. ನೀರು ಬಂದರೆ ಗಲ್ಲಾ, ಫ್ರಿಜ್ ಬಿಟ್ಟು ಮೇಲೆ ಓಡಿ, ಮಾಲೀಕರು ಬೈಯುವುದಿಲ್ಲ ಎಂದು ನಮ್ಮ ಬಾಯಿಂದಲೇ ಹೇಳಿಡಬೇಕು. ಹೇಳದಿದ್ದರೆ ಅವರು ಸಾಮಾನು ಉಳಿಸಲು ನಿಲ್ಲುತ್ತಾರೆ.

ನಾನು ಹೆಸರು ಕೊಡಲು ಹೋದಾಗ ಸೊಸೈಟಿಯ ಕಾರ್ಯದರ್ಶಿ, "ಅಣ್ಣಾ, ಇವರು ಮಲಗುವುದು ಎಲ್ಲಿ?" ಎಂದು ಕೇಳಿದರು. ಹೇಳಲು ನಾಚಿಕೆಯಾಯಿತು. ಈಗ ಎರಡನೇ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇನೆ. ಗೋದಾಮಿನಲ್ಲಿ ಈಗ ಅಕ್ಕಿ ಮಾತ್ರ ಇದೆ.