ದೀರ್ಘಾಯುಷ್ಯದ ಹೊಣೆ ಯಾರದು?

ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯುಷ್ಯ 32 ವರ್ಷದ ಆಸುಪಾಸಿನಲ್ಲಿತ್ತು. ಈಗ 70ಕ್ಕೆ ಮುಟ್ಟಿದೆ. ಲಸಿಕೆ, ಶುದ್ಧ ನೀರು, ಸುರಕ್ಷಿತ ಹೆರಿಗೆಗಳಿಂದ ಬಂದ ಈ ಗಳಿಕೆ ಸಣ್ಣದಲ್ಲ. ಆದರೆ ನೌಕರಿ, ವಸತಿ, ಆರೈಕೆಯ ಏರ್ಪಾಡುಗಳು ಹಳೆಯ ಲೆಕ್ಕದಲ್ಲೇ ಉಳಿದಿವೆ. ಕಾರ್ಖಾನೆಗಳ ಜೊತೆ ಬೆಳೆದ ಮುಂಬಯಿಯ ವಿಕ್ರೋಳಿಯಲ್ಲಿ ಈ ಅಂತರ ಎದ್ದು ಕಾಣುತ್ತದೆ.

ಮೊದಲ ಪ್ರಶ್ನೆ ದುಡ್ಡಿನದು. ಊರು ಬಿಟ್ಟು ಬಂದ ಕನ್ನಡಿಗರೂ ಸೇರಿ ಇಲ್ಲಿ ದುಡಿದವರಿಗೆ ನಿವೃತ್ತಿಯ ನಂತರ ಇಪ್ಪತ್ತು ವರ್ಷದ ಬದುಕು ಈಗ ಅಪರೂಪವಲ್ಲ. ನೌಕರರ ಪಿಂಚಣಿ ಯೋಜನೆ 1995ರಲ್ಲಿ ಬಂತು. 2014ರಲ್ಲಿ ಅದರ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ಹತ್ತು ವರ್ಷ ಕಳೆದರೂ ಏರಲಿಲ್ಲ. ಬಿಪಿ, ಶುಗರ್ ಮಾತ್ರೆಗೇ ಅದು ಸಾಲದು.

ಎರಡನೆಯದು ಮನೆಯದು. ವಿಕ್ರೋಳಿಯ ಕನ್ನಮವಾರ್ ನಗರದಲ್ಲಿ ರಾಜ್ಯದ ವಸತಿ ಸಂಸ್ಥೆ ಮ್ಹಾಡಾದ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ಮೊಣಕಾಲು ಸೋತ ಅಜ್ಜಿಗೆ ಮೇಲಿನ ಮಾಳಿಗೆಯ ಮನೆಯೇ ಗೃಹಬಂಧನ. ಆಸ್ಪತ್ರೆಗೆ ಹೋಗಬೇಕಾದರೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಬೇಕು. ಮರುನಿರ್ಮಾಣವಾದರೆ ಲಿಫ್ಟ್ ಬರುತ್ತದೆ, ನಿಜ. ಆದರೆ ಹೊಸ ಮನೆ ಕೈಸೇರುವವರೆಗೆ ಬಾಡಿಗೆ ಮನೆ ಸುತ್ತುವುದು ಎಂಬತ್ತರ ಜೀವಕ್ಕೆ ಸುಲಭವಲ್ಲ.

ಮೂರನೆಯದು ಆರೈಕೆಯದು. ಹೆತ್ತವರಿಗೆ ಜೀವನಾಂಶ ಕೊಡುವುದು ಮಕ್ಕಳ ಹೊಣೆ ಎಂದು 2007ರ ಕಾಯ್ದೆ ಹೇಳುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಾತು ತಪ್ಪಿದರೆ ಹಿಂಪಡೆಯಲೂ ಅವಕಾಶವಿದೆ. ಆದರೆ ರಾತ್ರಿ ಎದ್ದು ಮಗ್ಗುಲು ಬದಲಿಸುವ ಕೈಯನ್ನು ಕಾಯ್ದೆ ಒದಗಿಸಲಾರದು. ಆ ಕೆಲಸ ಸೊಸೆಯ ಅಥವಾ ಮಗಳ ಪಾಲಿಗೆ ಬೀಳುತ್ತದೆ. ಅದಕ್ಕಾಗಿ ಆಕೆ ಬಿಟ್ಟ ನೌಕರಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಕರ್ತವ್ಯದ ಹೆಸರಿನಲ್ಲಿ ಒಬ್ಬಳ ಬದುಕನ್ನೇ ಕೇಳುವುದು ನ್ಯಾಯವಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಕೊನೆಯ ದಿನಗಳ ಪ್ರಶ್ನೆ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ನಡೆದ ಹಲ್ಲೆಯ ನಂತರ, 2015ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಹಾಸಿಗೆ ಹಿಡಿದಿದ್ದರು. ದಾದಿಯರು ಅವರನ್ನು ಸ್ವಂತದವರಂತೆ ನೋಡಿಕೊಂಡರು. ಅವರಿಗೆ ದಯಾಮರಣ ಕೋರಿದ ಅರ್ಜಿಯನ್ನು 2011ರಲ್ಲಿ ತಳ್ಳಿಹಾಕಿದ ಸುಪ್ರೀಂ ಕೋರ್ಟ್, ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದಕ್ಕೆ ಕಟ್ಟುನಿಟ್ಟಿನ ದಾರಿಯೊಂದನ್ನು ತೆರೆಯಿತು. 2018ರಲ್ಲಿ ಲಿವಿಂಗ್ ವಿಲ್‌ಗೆ ಮಾನ್ಯತೆ ಕೊಟ್ಟು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಚೇತರಿಕೆಯ ಆಸೆಯಿಲ್ಲದಾಗ ಯಾವ ಚಿಕಿತ್ಸೆ ಬೇಡ ಎಂಬುದನ್ನು ಬುದ್ಧಿ ಸ್ವಾಧೀನದಲ್ಲಿರುವಾಗಲೇ ಬರೆದಿಡುವುದು ಮಕ್ಕಳನ್ನು ಧರ್ಮಸಂಕಟದಿಂದ ಉಳಿಸುತ್ತದೆ. ಆದರೆ ಖರ್ಚಿಗೆ ಹೆದರಿ ಮಾಡುವ ಸಹಿ ಆಯ್ಕೆಯಲ್ಲ. ಅಗ್ಗದ ಚಿಕಿತ್ಸೆ, ನೋವು ಶಮನದ ಆರೈಕೆ ಮೊದಲು ಸಿಗಬೇಕು.

70 ತುಂಬಿದವರಿಗೆಲ್ಲ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಆರೋಗ್ಯ ವಿಮೆಯ ರಕ್ಷಣೆ 2024ರಲ್ಲಿ ಬಂದಿದೆ. ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ಬೆಲೆಯೊಂದಿಗೆ ಏರುವ ಪಿಂಚಣಿ, ಮನೆಗೇ ಬರುವ ದಾದಿ, ವಾರ್ಡಿಗೊಂದು ಹಗಲು ಆರೈಕೆ ಕೇಂದ್ರ ಇನ್ನೂ ಆಗಬೇಕಾದ ಕೆಲಸಗಳು. ಆಯುಷ್ಯ ಬೆಳೆದದ್ದು ಸಮಾಜದ ದುಡ್ಡು, ದುಡಿಮೆಯಿಂದ. ಬೆಳೆದ ಆಯುಷ್ಯದ ಹೊಣೆಯೂ ಒಂದು ಮನೆಯದಷ್ಟೇ ಅಲ್ಲ, ಸಮಾಜದ್ದೂ ಹೌದು.